ಬೈಯುವವರಿಲ್ಲದ ಅಂಗಡಿ

ಮಂಗಳವಾರ, ಮಾರ್ಚ್ ೧೧

ಪ್ರಿಯ ಕುಳ್ಳ,

ನೀನೂ ಮನೆಯವರೂ ಸುಖವಾಗಿದ್ದೀರಿ ಎಂದುಕೊಳ್ಳುತ್ತೇನೆ. ನಿನ್ನ ಪತ್ರಕ್ಕೆ ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಪುರುಸೊತ್ತಿಗೇನೂ ಬರವಿರಲಿಲ್ಲ. ಮನೋವೈದ್ಯರ ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಹತ್ತಿರ ಹೇರಳವಾಗಿರುವುದು ಅದೊಂದೇ. ಆದರೆ ಪೆನ್ನು ಹಿಡಿದರೆ ಸಾಕು, ಹೆಂಡತಿ ಬೆನ್ನ ಹಿಂದೆ ಬಂದು ನಿಂತು ಆಯಾಸವಾಗುತ್ತಾ ಎಂದು ಕೇಳುತ್ತಾಳೆ. ಆ ಪ್ರಶ್ನೆಗೇ ಆಯಾಸವಾಗಿ ಪೆನ್ನು ಕೆಳಗಿಡುತ್ತೇನೆ.

ಮಾತ್ರೆ ಕೆಲಸ ಮಾಡುತ್ತಿದೆ. ನಿದ್ದೆ ಬರುತ್ತಿದೆ. ಸಾಯಬೇಕು ಅನ್ನಿಸುತ್ತಿದ್ದುದು ನಿಂತಿದೆ. ಬದುಕಬೇಕು ಅನ್ನಿಸುವುದಕ್ಕೆ ಇನ್ನೂ ಸ್ವಲ್ಪ ಸಮಯ ಬೇಕಂತೆ. ಡಾಕ್ಟರು ಒಳ್ಳೆಯವರು. ಮನೆಯಲ್ಲಿ ಜಗಳ, ಕೂಗಾಟ ಬೇಡ ಎಂದು ಅವರು ಇವಳಿಗೆ ಹೇಳಿ ಕಳಿಸಿದ್ದು ಮಾತ್ರ ನನ್ನ ಪ್ರಾಣ ಹಿಂಡುತ್ತಿದೆ. ಇವಳನ್ನು ನೀನು ಬಲ್ಲೆ. ಒದ್ದೆ ಟವಲ್ಲು ಕುರ್ಚಿಯ ಮೇಲೆ ಹಾಕಿದರೆ ಬೈಗುಳದಲ್ಲಿ ನಮ್ಮಪ್ಪನವರೆಗೂ ಹೋಗಿ ಬರುತ್ತಿದ್ದವಳು. ಈಗ ತಾನೇ ಎತ್ತಿ ಒಣಹಾಕಿ ಮುಗುಳ್ನಗುತ್ತಾಳೆ. ಮೊನ್ನೆ ಪರೀಕ್ಷೆ ಮಾಡೋಣವೆಂದು, ಹಾಲ್‌ನ ಗೋಡೆಗೆಲ್ಲ ಕಪ್ಪು ಬಣ್ಣ ಹೊಡೆಸೋಣ ಅಂದೆ. "ಆಗ್ಲಿ, ನಿಮ್ಗೆ ಸಮಾಧಾನ ಆಗತ್ತೆ ಅಂದ್ರೆ ಹೊಡ್ಸೋಣ" ಅಂದಳು. ಬಣ್ಣದವನಿಗೆ ಫೋನ್ ಮಾಡಲಿಕ್ಕೂ ಹೊರಟಳು. ನಾನೇ ಕೈಮುಗಿದು ನಿಲ್ಲಿಸಿದೆ.

ಸರಿ, ಅಂಗಡಿಗಾದರೂ ಹೋಗೋಣ ಎಂದು ಹೋದ ವಾರ ಹೋದೆ. ಹಳೇ ಮಂಚ, ಮೇಜು, ಬೀರು ಕೊಂಡು, ರಿಪೇರಿ ಮಾಡಿಸಿ ಮಾರುವ ನನ್ನ ಕಸುಬಿನ ವರಸೆ ನಿನಗೆ ಗೊತ್ತಲ್ಲ. ಗಿರಾಕಿ ಚೌಕಾಸಿಗೆ ನಿಂತಾಗ ನಾನು ಮಹಾ ಉದಾರಿಯ ಹಾಗೆ ಬೆಲೆ ಇಳಿಸುತ್ತೇನೆ, ಹಿಂದೆ ಮರ ಉಜ್ಜುತ್ತಿದ್ದ ನಮ್ಮ ಬಡಗಿ ಓಡಿಬಂದು, "ತಲೆ ಕೆಟ್ಟಿದ್ಯಾ ಅಣ್ಣ ನಿಮ್ಗೆ?" ಎಂದು ಜಗಳ ತೆಗೆಯುತ್ತಾನೆ. ಅವನು ಗೆಲ್ಲುವುದರೊಳಗೆ ಕೊಂಡುಬಿಡಬೇಕೆಂದು ಗಿರಾಕಿ ಅವಸರಪಡುತ್ತಾನೆ. ಬಡಗಿ ನನ್ನಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಇದೇ ನಾಟಕ.

ಅವತ್ತು ಗಂಡ ಹೆಂಡತಿ ಒಂದು ಬೀರು ನೋಡಲು ಬಂದರು. ನಾನು ಬೆಲೆ ಇಳಿಸಿದೆ. ಬಡಗಿ ಓಡಿಬಂದ, ಬಾಯಿ ತೆರೆದ, ಮುಚ್ಚಿಕೊಂಡ. ಆಮೇಲೆ ಮೆತ್ತಗೆ, ಅಣ್ಣ ಹೇಳಿದ ಮೇಲೆ ಮುಗೀತು ಎಂದು, ನನಗೊಂದು ಲೋಟ ನೀರು ತಂದುಕೊಟ್ಟ. ಬೆಲೆ ಅಷ್ಟು ಸಲೀಸಾಗಿ ಇಳಿದರೆ ಯಾರಿಗಾದರೂ ಅನುಮಾನ ಬಂದೇ ಬರುತ್ತದೆ. ಆಕೆ ಬೀರುವಿನ ಬೆನ್ನು ತಟ್ಟಿ ನೋಡಿ, ಹುಳ ಹಿಡಿದಿರಬೇಕು ಎಂದು ಗಂಡನ ಕಿವಿಯಲ್ಲಿ ಹೇಳಿದಳು. ಇಬ್ಬರೂ ಹೊರಟೇಹೋದರು.

ಬಡಗಿಯನ್ನು ಕೂರಿಸಿಕೊಂಡು, ಮೊದಲಿನ ಹಾಗೇ ತಲೆ ಕೆಟ್ಟಿದೆಯಾ ಎಂದು ಬೈಯಬೇಕು, ಇಲ್ಲದಿದ್ದರೆ ಮಾರಾಟವಾಗದ ಈ ಮಂಚಗಳ ಮೇಲೆ ನಾವಿಬ್ಬರೇ ಮಲಗಬೇಕಾಗುತ್ತದೆ ಎಂದೆ. ಅವನು ಉಳಿ ಒರೆಸುತ್ತಾ ಕೂತ.

"ಆ ಮಾತು ಬಾಯಿಗೆ ಬರಲ್ಲ ಅಣ್ಣ. ಮುಂಚೆ ಅದು ಸುಳ್ಳಾಗಿತ್ತು, ಧೈರ್ಯವಾಗಿ ಹೇಳ್ತಿದ್ದೆ."

ಕೋಪ ಬರಲಿಲ್ಲ. ನನ್ನ ಕಾಯಿಲೆಯ ಬಗ್ಗೆ ನನ್ನ ಮುಖ ನೋಡಿ ಮಾತಾಡಿದವನು ಇಲ್ಲಿಯವರೆಗೆ ಅವನೊಬ್ಬನೇ. ಹಾಗಾದರೆ ಬೇರೆ ಏನಾದರೂ ಬೈಯಿ ಅಂದೆ. ಬಹಳ ಹೊತ್ತು ಯೋಚಿಸಿ, ಮರದ ಜಾತಿ ಗುರುತಿಸುವುದರಲ್ಲಿ ನಾನು ಮೊದಲಿಂದಲೂ ದಡ್ಡ ಅಂದ. ಮನಸ್ಸಿಗೆ ಎಷ್ಟು ಹಿತವಾಯಿತು ಅಂತೀಯ! ಇನ್ನೊಂದು ಬೈಯಲಿ ಎಂದು ಕಾಯುತ್ತಿದ್ದರೆ, ಅಷ್ಟಕ್ಕೇ ಹೆದರಿ ಮತ್ತೆ ನೀರು ತರಲು ಎದ್ದ.

ಇವಳ ಬಾಯಿಂದ ಒಂದು ಬೈಗುಳ ಬರುವವರೆಗೂ ನಾನು ಈ ಮನೆಯಲ್ಲಿ ರೋಗಿಯೇ. ಬಿಡುವು ಮಾಡಿಕೊಂಡು ಬಾ. ನಾಲ್ಕು ದಿನ ಇದ್ದು, ಇವಳಿಗೆ ಮತ್ತೆ ಜಗಳ ರೂಢಿ ಮಾಡಿಸು. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ: ಚೆನ್ನಾಗಿರಲಿ, ಅವರ ಜೊತೆ ಜಗಳವಾಡುವ ಜನ ಸದಾ ಇರಲಿ.

ನಿನ್ನ,
ಬಾಯಿಬಡುಕ

ಮರೆತ ಮಾತು: ಭಾನುವಾರ ನೀನು ಫೋನ್ ಮಾಡಿದಾಗ ಎತ್ತಿದ್ದು ನಾನು. ನನ್ನ ದನಿ ಕೇಳಿದ ಕೂಡಲೇ ನೀನು, "ಅತ್ತಿಗೆ ಇಲ್ವಾ?" ಅಂದೆ. ಇವಳ ಕೈಗೆ ಕೊಟ್ಟು ಪಕ್ಕದಲ್ಲೇ ನಿಂತಿದ್ದೆ. ಈಗ ಪರವಾಗಿಲ್ಲ, ಊಟ ಮಾಡುತ್ತಾರೆ ಎಂದು ನಿನಗೆ ಹೇಳಿದಳು. ನನ್ನನ್ನೇ ಕೇಳಿದ್ದರೆ ಇನ್ನೂ ಸ್ವಲ್ಪ ಹೆಚ್ಚಿಗೆ ಹೇಳುತ್ತಿದ್ದೆ ಕಣೋ.