ಹಿಂದಿನ ಪ್ರಶ್ನೆಯ ಉತ್ತರ

ಭಾನುವಾರ, ಊಟವಾದ ಮೇಲೆ

ಪ್ರೀತಿಯ ಅಕ್ಕನಿಗೆ,

ಫೋನ್ ಮಾಡಿದರೆ ನೀನು ಅಳುತ್ತೀಯ, ನಾನು ಮಧ್ಯೆ ಬಾಯಿ ಹಾಕುತ್ತೇನೆ, ಮಾತು ಎಲ್ಲಿಗೋ ಹೋಗುತ್ತದೆ. ಅದಕ್ಕೇ ಈ ಕಾಗದ. ಭಾವನಿಗೆ ಆಮೇಲೆ ತೋರಿಸು, ಮೊದಲು ನೀನೊಬ್ಬಳೇ ಕೂತು ಓದು.

ಮುಂದಿನ ವಾರ ಬಂದು ನೀನು ಅಮ್ಮನನ್ನು ಆರೈಕೆ ಕೇಂದ್ರಕ್ಕೆ ಸೇರಿಸುತ್ತೇನೆ ಅಂದಿದ್ದೆ. ನಾನೂ ಹೂಂ ಅಂದಿದ್ದೆ. ಪಾರ್ಶ್ವವಾಯು ಬಡಿದ ಮೇಲೆ ಅವಳಿಗೆ ಏನೂ ತಿಳಿಯುವುದಿಲ್ಲ, ತಿಳಿಯದವಳಿಗೆ ಎಲ್ಲಿದ್ದರೇನು ಅಂತ ಇಬ್ಬರೂ ಸಮಾಧಾನ ಮಾಡಿಕೊಂಡೆವು. ಅದು ಸುಳ್ಳು ಅಕ್ಕ. ಹೇಗೆ ಗೊತ್ತಾಯಿತು ಅಂತ ಹೇಳಬೇಕಾದರೆ ನನ್ನ ಲ್ಯಾಬಿನ ಪುರಾಣ ಸ್ವಲ್ಪ ಕೇಳಬೇಕು. ಆಕಳಿಸಬೇಡ.

ನಾವು ಮೋಟಾರು ಪರೀಕ್ಷೆ ಮಾಡುವ ಮೇಜಿನ ಮೇಲೆ ಒಂದು ಹಳೇ ಮೀಟರ್ ಇದೆ. ಎಲ್ಲರೂ ಅದನ್ನು ತಾತ ಅಂತಲೇ ಕರೆಯುವುದು. ಅದರ ದಪ್ಪ ಕೇಬಲ್ ಸಿಕ್ಕಿಸಲು ಈಗಿನ ಕಂಪ್ಯೂಟರಿನಲ್ಲಿ ಜಾಗವೇ ಇಲ್ಲ. ಹಾಗಾಗಿ ನಡುವೆ ಒಂದು ಪುಟ್ಟ ಡಬ್ಬಿ ತಂದಿಟ್ಟೆವು, ಅಡಾಪ್ಟರ್. ಒಂದು ಕಡೆಗೆ ನೆಟ್‌ವರ್ಕ್ ತಂತಿ, ಇನ್ನೊಂದು ಕಡೆಗೆ ಆ ದಪ್ಪ ಕೇಬಲ್. ಕೇಬಲ್ಲಿಗೆ ಪೋಣಿಸಿದ ಉಪಕರಣಗಳಿಗೆಲ್ಲ ಒಂದೊಂದು ನಂಬರು, ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಕಂಪ್ಯೂಟರ್ ಕೇಳಿದ್ದನ್ನು ಡಬ್ಬಿ ಆ ನಂಬರಿನವರಿಗೆ ದಾಟಿಸುತ್ತದೆ, ಅವರು ಹೇಳಿದ್ದನ್ನು ವಾಪಸ್ ತಂದೊಪ್ಪಿಸುತ್ತದೆ. ನಮ್ಮ ಚಿಕ್ಕಮ್ಮ ಹಾಕುವ ಹಾಗೆ ತನ್ನದೊಂದು ಒಗ್ಗರಣೆ ಹಾಕುವುದಿಲ್ಲ.

ಡಬ್ಬಿ ಬಂದದ್ದೇ ತಾತನಿಗೆ ತಲೆ ಕೆಟ್ಟಿತು. ರೆಸಿಸ್ಟೆನ್ಸ್ ಎಷ್ಟು ಅಂದರೆ ವೋಲ್ಟೇಜ್ ಹೇಳುತ್ತದೆ, ಕರೆಂಟ್ ಎಷ್ಟು ಅಂದರೆ ರೆಸಿಸ್ಟೆನ್ಸ್. ಗುಜರಿಗೆ ಹಾಕಿ ಅಂದರು ಮೇಲ್ವಿಚಾರಕರು. ನನಗೆ ಮನಸ್ಸು ಬರಲಿಲ್ಲ. ಕೇಳಿದ್ದನ್ನೂ ಬಂದದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಒಂದೂ ತಪ್ಪಿಲ್ಲ! ಎಲ್ಲವೂ ಹಿಂದಿನ ಪ್ರಶ್ನೆಯ ಉತ್ತರಗಳು. ಎಷ್ಟು ಹೊತ್ತು ಕಾಯಬೇಕು ಅಂತ ಡಬ್ಬಿಗೆ ನಾವೇ ಹೇಳಿಡಬೇಕು, ಅದನ್ನು ತೀರಾ ಕಡಿಮೆ ಇಟ್ಟಿದ್ದೆವು. ತಾತ ನಿಧಾನವಾಗಿ ಅಳೆದು ಮುಗಿಸುವಷ್ಟರಲ್ಲಿ ಡಬ್ಬಿ ಕೈಚೆಲ್ಲಿ, ಕಂಪ್ಯೂಟರ್ ಮುಂದಿನ ಪ್ರಶ್ನೆ ಎಸೆದಾಗಿರುತ್ತಿತ್ತು. ಕಾಯುವ ಹೊತ್ತು ಹೆಚ್ಚಿಸಿದೆ. ತಾತ ಸರಿಹೋದ.

ಮನೆಗೆ ನಡೆದು ಬರುವಾಗ ಬೀದಿಯಲ್ಲೇ ನಿಂತುಬಿಟ್ಟೆ. ಅವತ್ತು ಬೆಳಿಗ್ಗೆ ಅಮ್ಮನನ್ನು ಹಾಲು ಬೇಕಾ ಅಂತ ಕೇಳಿದ್ದೆ. ಮಾತಿಲ್ಲ. ಕಿಟಕಿ ತೆಗೆಯಲಾ ಅಂದೆ. ಸಕ್ಕರೆ ಬೇಡ ಅಂದಳು. ಅವಳನ್ನು ನೋಡಿಕೊಳ್ಳುವ ಹೆಂಗಸೂ ನಾನೂ ಮುಖ ಮುಖ ನೋಡಿಕೊಂಡು ನಕ್ಕಿದ್ದೆವು. ನೆನೆಸಿಕೊಂಡರೆ ಈಗ ಸಂಕಟವಾಗುತ್ತದೆ.

ಬಂದವಳೇ ಚೀಲವನ್ನೂ ಇಳಿಸದೆ ಅವಳ ಮಂಚದ ಪಕ್ಕ ಕೂತೆ. ಕೇಂದ್ರದ ವಿಷಯ ಹೇಳಿ, ಹೋಗುತ್ತೀಯಾ ಅಂತ ಒಂದೇ ಒಂದು ಸಲ ಕೇಳಿದೆ. ಆಮೇಲೆ ಬಾಯಿಗೆ ಬೀಗ. ನನ್ನಂಥವಳಿಗೆ ಅದೆಷ್ಟು ಕಷ್ಟ ನಿನಗೇ ಗೊತ್ತು. ಹೊರಗೆ ತರಕಾರಿ ಗಾಡಿ ಬಂತು, ಎದುರುಮನೆಯವರು ಚೌಕಾಸಿ ಮಾಡಿ ಮುಗಿಸಿದರು, ಗಾಡಿ ಹೋಯಿತು. ಅಮ್ಮ ಹೊದಿಕೆಯ ಅಂಚು ಮಡಿಸುತ್ತಲೇ ಇದ್ದಳು. ಕೊನೆಗೆ ತಲೆಯೆತ್ತಿ, ಒಂದೊಂದೇ ಮಾತು ಹುಡುಕಿಕೊಂಡು ಹೇಳಿದಳು:

"ನಿಮಗೆ ಕಷ್ಟ ಆಗೋದಾದ್ರೆ ಹೋಗ್ತೀನಿ. ಇಲ್ಲಾಂದ್ರೆ ಇಲ್ಲೇ ಇರ್ತೀನಿ."

ನನಗೆ ಅಳು ತಡೆಯಲಾಗಲಿಲ್ಲ. ಇಷ್ಟು ದಿನವೂ ಅವಳು ನಮ್ಮೆದುರಿಗೇ ಇದ್ದಳು ಅಕ್ಕ.

ಕೇಂದ್ರದವರಿಗೆ ಬೇಡ ಅಂತ ಹೇಳಿಬಿಡು. ನನ್ನೊಬ್ಬಳ ಕೈಲಿ ಆಗುವುದಿಲ್ಲ, ಅದೂ ನಿಜ. ಆಗಾಗ ನೀನು ಬಂದಿರಬೇಕು, ಭಾವ ತಮ್ಮ ಅಡುಗೆ ತಾವೇ ಮಾಡಿಕೊಳ್ಳಲಿ. ಬಂದಾಗ ಒಂದು ಪ್ರಶ್ನೆ ಕೇಳಿ ಸುಮ್ಮನೆ ಕೂತಿರು. ನಾನೇ ಕಲಿತಿದ್ದೇನೆ ಅಂದ ಮೇಲೆ ನಿನಗೇನು ಕಷ್ಟ?

ದಾರಿ ಕಾಯುವ ತಂಗಿ,
ನಿನ್ನ ಬಾಯಿಬಡುಕಿ

ಮರೆತು ಆಮೇಲೆ ಸೇರಿಸುತ್ತಿಲ್ಲ, ಇದನ್ನು ಕೊನೆಗೆ ಅಂತಲೇ ಉಳಿಸಿಕೊಂಡೆ. ಹೋದ ತಿಂಗಳು ಫೋನಿನಲ್ಲಿ ನೀನು ಅಮ್ಮನನ್ನು ಕೇಳಿದೆಯಲ್ಲ, "ನಿನ್ನನ್ನು ಬಿಟ್ಟು ಇಷ್ಟು ದೂರ ಬಂದೆ, ನನ್ನ ಮೇಲೆ ಕೋಪಾನಾ" ಅಂತ. ಅವಳು ಮಾತಾಡಲಿಲ್ಲ, ನೀನು ಅಳುತ್ತಾ ಫೋನ್ ಇಟ್ಟುಬಿಟ್ಟೆ. ಆಮೇಲೆ ನಾನು ಫ್ಯಾನ್ ನಿಲ್ಲಿಸಲಾ ಅಂತ ಕೇಳಿದೆ. "ಇಲ್ಲ ಪುಟ್ಟಿ, ಯಾವತ್ತೂ ಇಲ್ಲ" ಅಂದಳು. ಏನೋ ಬಡಬಡಿಕೆ ಅಂತ ಫ್ಯಾನ್ ನಿಲ್ಲಿಸಿ ಎದ್ದುಹೋದೆ. ಅಮ್ಮ ನನ್ನನ್ನು ಹುಟ್ಟಿದಾಗಿನಿಂದ ಒಮ್ಮೆಯೂ ಪುಟ್ಟಿ ಅಂದಿಲ್ಲ. ಅವಳಿಗೆ ಪುಟ್ಟಿ ಅಂದರೆ ನೀನೊಬ್ಬಳೇ.