ಪೆಟ್ಟಿಗೆಯೊಳಗಿನ ಗಡಿ

ಸಾನ್ ಆಂಡ್ರೆಸ್ ಯುಕುನಾಮಾ, ಒಆಹಾಕಾ
ಮಾರ್ಚ್ 9, 1997, ಭಾನುವಾರ. ಊರ ಸಭೆ ಮುಗಿಸಿ ಈಗಷ್ಟೇ ಬಂದೆ.

ಪ್ರೀತಿಯ ತಮ್ಮ ಹೆರ್ಮಿಲೊ,

ಹೊಟ್ಟೆನೋವು ಹೇಗಿದೆ? ರಾಜಧಾನಿಯ ಊಟ ನಿನಗೆ ಯಾವತ್ತೂ ಒಗ್ಗಲಿಲ್ಲ. ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಫೋನ್ ಬಂದ ದಿನ ಮಾತ್ರ ಮಂಕಾಗುತ್ತಾಳೆ. “ನಮ್ ಮಾತಿಗೆ ವ್ಯಾಕರಣ ಬರೆದ್ನಂತೆ, ನನ್ ಹತ್ರ ಮಾತ್ರ ಸ್ಪ್ಯಾನಿಷ್ ಆಡ್ತಾನೆ” ಎನ್ನುತ್ತಾಳೆ.

ನಮ್ಮ ಊರಿನ ಗಡಿ ಬರೆದಿರುವ ಹಳೆಯ ಬಟ್ಟೆಯ ಬಗ್ಗೆ ನೀನು ಪ್ರಕಟಿಸಿದ ಲೇಖನವನ್ನು ಪಕ್ಕದೂರಿನ ವಕೀಲ ಓದಿದ್ದಾನೆ. ಪೈನ್ ಗುಡ್ಡ ಯಾವ ಊರಿನದು ಎಂಬ ಮೊಕದ್ದಮೆಯಲ್ಲಿ ಅದನ್ನೇ ನ್ಯಾಯಾಧೀಶರ ಮುಂದಿಟ್ಟಿದ್ದಾನೆ. ಬಟ್ಟೆ ಸ್ಪೇನಿನವರು ಬಂದ ಕಾಲದ್ದಲ್ಲ, ಅದಕ್ಕಿಂತ ನೂರೈವತ್ತು ವರ್ಷ ಈಚಿನದು, ನಕಲಿ ಎಂದು ಆ ಊರಿನ ಮಗನೇ ಬರೆದಿದ್ದಾನೆ ಎನ್ನುತ್ತಾನೆ. ಗುಡ್ಡ ಹೋದರೆ ಅದರ ಬುಡದ ಊಟೆಯೂ ಹೋಗುತ್ತದೆ. ನಮಗಿರುವುದು ಅದೊಂದೇ ನೀರು. ಸಂತೆಯಲ್ಲಿ ಆ ಊರ ಹೆಂಗಸರು ನಗುತ್ತಾರೆ: “ಏನ್ರೇ, ನಿಮ್ ಬಟ್ಟೆ ನಮ್ಮಜ್ಜಿ ಶಾಲಿಗಿಂತ ಹೊಸದಂತೆ! ಒಗೆದು ಒಣಗಿ ಹಾಕ್ರೇ!”

ಬಟ್ಟೆಯ ವಯಸ್ಸಿನ ಬಗ್ಗೆ ನಿನ್ನ ಲೆಕ್ಕ ಸರಿಯೇ ಇದೆ. ನನಗೆ ಉರಿಯುವುದೇ ಅದು. ಪ್ರತಿ ಮನೆಯಿಂದ ಒಬ್ಬರು ಒಂದು ವರ್ಷ ಸಂಬಳವಿಲ್ಲದೆ ಬಟ್ಟೆಯ ಪೆಟ್ಟಿಗೆ ಕಾಯಬೇಕು. ನಿನ್ನ ಸರದಿ ಬಂದಾಗ ನಿನಗೆ ಪರೀಕ್ಷೆಯಿತ್ತು. ಊರ ಪಟ್ಟಿಯಿಂದ ನಿನ್ನ ಹೆಸರು ಹೋಗದಿರಲೆಂದು ನಿನ್ನ ಬದಲು ನಾನು ಕಾದೆ. ಕಾಯುವವರಿಗೆ ಮೊದಲ ದಿನ ಹಿರಿಯರು ಒಂದು ಸಂಗತಿ ಹೇಳಿ, ಹೊರಗೆ ಆಡದಂತೆ ಆಣೆ ಹಾಕಿಸುತ್ತಾರೆ. ಬಟ್ಟೆ ಜೀರ್ಣವಾದಾಗ ಗೆರೆ ತಪ್ಪದೆ ಹೊಸ ಬಟ್ಟೆಗೆ ಇಳಿಸಿ, ಹಳೆಯದನ್ನು ಸತ್ತ ಹಿರಿಯರನ್ನು ಹೂಳುವ ಹಾಗೆ ಹೂಳುತ್ತಾರೆ. ಈಗಿರುವುದು ಮೂರನೆಯದು.

ಅದೇ ವರ್ಷ ಈಸ್ಟರ್ ರಜೆಯಲ್ಲಿ ನೀನು ಬಂದೆ. ಪೆಟ್ಟಿಗೆ ತೆರೆದವಳು ನಾನು. ನೀನು ಎರಡು ದಿನ ಅಳೆದೆ, ಫೋಟೊ ತೆಗೆದೆ, ಚೂರು ಬಣ್ಣ ಕೆರೆದುಕೊಂಡೆ. ನನ್ನನ್ನು ಕೇಳಿದ್ದು ಒಂದೇ ಮಾತು: “ಅಕ್ಕಾ, ಕಾಫಿ ಇದ್ಯಾ?” ಬೇರೇನಾದರೂ ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ ತಿಳಿಯದು, ಆಣೆಯಿತ್ತು. ಆದರೆ ಬರೆಯಬೇಡ ಎಂದಾದರೂ ತಡೆಯುತ್ತಿದ್ದೆ.

ಇವತ್ತು ಸಭೆಯಲ್ಲಿ ಹುಡುಗರು ನಿನ್ನ ಹೆಸರೆತ್ತಿ ಕೂಗಾಡಿದರು. ಅಮಾದೊ ತಾತ ಕೋಲು ಕುಟ್ಟಿ, “ಅವ್ನನ್ನ ಓದಕ್ಕೆ ಕಳ್ಸಿದ್ದು ನಾವೇ ಕಣ್ರೋ. ಮೆಕ್ಕೆಜೋಳದ ಮೂಟೆ ನಾನೇ ಬಸ್ಸಿಗೆ ಏರ್ಸಿದ್ದು. ಈಗ ಯಾರನ್ನ ಬೈತೀರಾ?” ಎಂದರು. ಹುಡುಗರ ಬೈಗುಳಕ್ಕಿಂತ ತಾತನ ಆ ಮಾತು ನನಗೆ ಕಷ್ಟವಾಯಿತು.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ದೇವರು ನಿನಗೆ ಆರೋಗ್ಯ ಕೊಡಲಿ. ಉಳಿದದ್ದನ್ನು ನೀನೇ ಸಂಪಾದಿಸಿಕೊಂಡಿದ್ದೀಯ.

ನಿನ್ನ ಅಕ್ಕ,
ಎಪಿಫಾನಿಯಾ

ತಾ.ಕ.: ಸಭೆ ನನ್ನ ಆಣೆ ಬಿಡಿಸಿದೆ. ಮುಂದಿನ ವಾರ ಗುರುವಾರ ನ್ಯಾಯಾಲಯದಲ್ಲಿ ನಮ್ಮ ಮಾತಿನಲ್ಲೇ ಸಾಕ್ಷಿ ಹೇಳುತ್ತೇನೆ. ಬೇರೆ ದುಭಾಷಿ ಸಿಗದೆ ನಿನಗೇ ಕರೆ ಕಳಿಸಿದ್ದಾರಂತೆ. ಬೇರೆಯವರನ್ನು ಹುಡುಕೋಣ ಎಂದರು ಊರವರು; ಬೇಡ ಎಂದೆ. ನಿನ್ನ ಹೆಸರು ಹಿಡಿದೇ, ನೀನು ನಕಲಿ ಎಂದು ಬರೆದದ್ದು ತಪ್ಪು ಎಂದು ಹೇಳಲು ನಿರ್ಧರಿಸಿದ್ದೇನೆ. ನ್ಯಾಯಾಧೀಶರಿಗೆ ಅದನ್ನು ಸ್ಪ್ಯಾನಿಷ್‌ನಲ್ಲಿ ನೀನೇ ತಿಳಿಸಬೇಕಾಗುತ್ತದೆ.