ಕಳೆದುಹೋದವರ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ

ಬಾನುಲಿ ನಿಲಯದ ಮಾನ್ಯ ನಿರ್ದೇಶಕರೇ,

ನಾನು ಕಳೆದುಹೋಗಿಲ್ಲ. ಇಷ್ಟೇ ಸಂಗತಿಯನ್ನು ತಿಳಿಸಲು ಪತ್ರಿಕೆಯವರ ಹತ್ತಿರ ಜಾಗ ಬೇಡಿಕೊಳ್ಳುವಂತೆ ಮಾಡಿದ್ದು ಕೇಳುಗರ ಕಾರ್ಡು ಓದುವ ನಿಮ್ಮ ಶನಿವಾರ ಮಧ್ಯಾಹ್ನದ ಸಲಾಮು ಕಾರ್ಯಕ್ರಮ. ಏಪ್ರಿಲ್ ಮೊದಲ ವಾರದಿಂದ ಏಳು ಶನಿವಾರ ಒಂದೂ ತಪ್ಪದಂತೆ ನಿಮ್ಮ ನಿರೂಪಕರು, "ಮ್ವಾತಾತೆಯ ಗಡಿಯಾರದವರು ಕಳೆದುಹೋಗಿದ್ದಾರಪ್ಪೋ! ಕಂಡವರು ಕಿವಿ ಹಿಂಡಿ ಎಳ್ಕೊಂಡು ಬನ್ನಿ!" ಎಂದು ಇಡೀ ಜಿಲ್ಲೆಗೆ ಸಾರಿದರು. ಸಾರಿದ ಮೇಲೆ ಕತ್ತೆ ಅರಚುವ ಸದ್ದನ್ನೂ ಹಾಕಿದರು. ಕತ್ತೆಯ ಬಗ್ಗೆ ನನ್ನ ತಕರಾರಿಲ್ಲ, ಅದು ತನಗೆ ಗೊತ್ತಿದ್ದುದನ್ನು ಮಾತ್ರ ಹೇಳಿತು. ನನ್ನ ತಕರಾರು ಆ ಮಾತಿನ ಮೇಲೆ.

ನಮ್ಮ ಕಡೆ ನಾಲ್ಕು ದಿನ ಕಾಣದವರು ಎದುರಾದರೆ, ಹೇಗಿದ್ದೀರಿ ಎಂದು ಕೇಳುವ ಮೊದಲೇ "ಉಮೆಪೊಟೇಯಾ!" ಎನ್ನುವುದು ವಾಡಿಕೆ. ಕಳೆದೇ ಹೋದಿರಲ್ಲ ಎಂದು ಅರ್ಥ. ಪ್ರೀತಿಯಿಂದ ಹೇಳುವ ಮಾತಂತೆ. ಇರಬಹುದು. ಆದರೆ ಆ ಪ್ರೀತಿಯ ಜಾಣತನವನ್ನು ಗಮನಿಸಿದ್ದೀರಾ? ಬಂದು ನೋಡದವನು ಅವನು, ತಪ್ಪಿತಸ್ಥ ನಾನು! ಬಾಗಿಲು ತಟ್ಟದವನು ಅವನು, ಕಾಣೆಯಾದವನು ನಾನು! ಮಟಾಟು ವ್ಯಾನುಗಳ ನಿಲ್ದಾಣದ ಎದುರಿಗೆ, ಮೂರು ಕಡೆ ಗಾಜಿರುವ ಮರದ ಗೂಡಿನಲ್ಲಿ ಕುಳಿತು ಇಪ್ಪತ್ತಾರು ವರ್ಷದಿಂದ ಕೈಗಡಿಯಾರ ರಿಪೇರಿ ಮಾಡುತ್ತಿದ್ದೇನೆ. ಕೆಳಗೆ ವೋಯಿ ಪಟ್ಟಣಕ್ಕೆ ಇಳಿಯುವವರು, ಬೆಟ್ಟದ ಮೇಲಿನ ವುಂಡನ್ಯಿಗೆ ಹತ್ತುವವರು, ಎಲ್ಲರೂ ನನ್ನನ್ನು ದಾಟಿಯೇ ವ್ಯಾನು ಹಿಡಿಯಬೇಕು. ತೊಟ್ಟಿಯಲ್ಲಿ ಸಾಕಿದ ಮೀನಿಗೆ ಮರೆಯಾಗಲು ಒಂದಿಷ್ಟು ಪಾಚಿಯಾದರೂ ಇರುತ್ತದೆ. ನನಗೆ ಅದೂ ಇಲ್ಲ. ಇಂಥವನನ್ನು ಕಳೆದುಕೊಳ್ಳಬೇಕಾದರೆ ಊರಿನವರು ಎಷ್ಟು ಶ್ರಮಪಟ್ಟಿರಬೇಕು, ಯೋಚಿಸಿ.

ನಿಮ್ಮ ಕಾರ್ಯಕ್ರಮಕ್ಕೆ ಹದಿನೆಂಟು ವರ್ಷ ನನ್ನ ಮನೆಯಿಂದ ವಾರಕ್ಕೊಂದು ಕಾರ್ಡು ಬರುತ್ತಿತ್ತು. ಬರೆಯುತ್ತಿದ್ದವಳು ನನ್ನ ಹೆಂಡತಿ ವಕೇಶೊ. ಒಂದು ಕಾರ್ಡಿಗೆ ಸಲಾಮು ಸಲ್ಲಬೇಕಾದ ಹತ್ತು ಹೆಸರು. ಯಾರ ಮಗಳಿಗೆ ಹೆರಿಗೆಯಾಯಿತು, ಯಾರು ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡರು, ಯಾರು ಗಂಡನೊಡನೆ ಮಾತು ಬಿಟ್ಟಿದ್ದಾರೆ, ಎಲ್ಲ ಅವಳಿಗೆ ಗೊತ್ತು. ಅವರಲ್ಲಿ ಮುಕ್ಕಾಲು ಪಾಲು ಜನರ ಮುಖವನ್ನು ಅವಳು ಒಮ್ಮೆಯೂ ಕಂಡವಳಲ್ಲ. ನಮಗೆ ಮಕ್ಕಳಿಲ್ಲ. ಶನಿವಾರ ಮಧ್ಯಾಹ್ನ ನಿಮ್ಮವರು ಆ ಹತ್ತು ಹೆಸರು ಓದುವಾಗ ಅವಳು ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು, ನೆಂಟರನ್ನು ಒಳಗೆ ಕರೆಯುವವಳಂತೆ. ಕಾರ್ಡಿನ ಕೊನೆಯ ಸಾಲು ಯಾವಾಗಲೂ ಒಂದೇ: ಕಳಿಸಿದವರು ವಕೇಶೊ ಮತ್ತು ಗಡಿಯಾರದವರು.

ಫೆಬ್ರವರಿ ಒಂಬತ್ತರಂದು ಅವಳು ತೀರಿಕೊಂಡಳು. ಒಗೆದ ಬಟ್ಟೆ ಹರವುತ್ತಿದ್ದವಳು ತಂತಿ ಹಿಡಿದುಕೊಂಡೇ ಕುಸಿದಳು. ಮಣ್ಣಿಗೆ ಇನ್ನೂರು ಜನ ಬಂದಿದ್ದರು, ಹಾಡಿದರು, ಉಂಡರು. ವಾರದ ಮೇಲೆ ಚರ್ಚಿನ ಕುರ್ಚಿಗಳು ಚರ್ಚಿಗೆ ಹೋದವು, ಜನ ಅವರವರ ಮನೆಗೆ ಹೋದರು. ಆಮೇಲೆ ನಾನೊಂದು ಕಾರ್ಡು ಬರೆಯಲು ಕುಳಿತೆ. ಹೆಸರುಗಳೇನೋ ಹೊಳೆದವು. ಕೊನೆಯ ಸಾಲಿಗೆ ಬಂದಾಗ ಕೈ ನಿಂತಿತು. ಇಬ್ಬರ ಹೆಸರು ಬರೆದರೆ ಸುಳ್ಳು, ಒಬ್ಬನದೇ ಬರೆದರೆ ನಿಜ. ಎರಡನ್ನೂ ಬರೆಯಲಾಗಲಿಲ್ಲ. ಕಾರ್ಡುಗಳು ನಿಂತದ್ದು ಹೀಗೆ.

ನಿಮ್ಮ ನಿರೂಪಕರಿಗೆ ಇದು ಗೊತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಗೊತ್ತಿಲ್ಲದವನು ವಿಚಾರಿಸುತ್ತಾನೆ, ಡಂಗುರ ಹೊಡೆಯುವುದಿಲ್ಲ. ಇನ್ನು ಗೊತ್ತಿದ್ದವರು? ಅವರಿಗೂ ನಿಮ್ಮ ಮಾತೇ ರುಚಿಸಿತು. ವ್ಯಾನಿಗೆ ಜನ ಕೂಗುವವರು ಗಾಜು ಬಡಿದು, "ಏ ಅಜ್ಜ, ಇಲ್ಲೇ ಇದ್ದೀಯಾ? ನಿನ್ನನ್ನ ರೇಡಿಯೋದಲ್ಲಿ ಹುಡುಕ್ತಾ ಇದ್ದಾರೆ!" ಎಂದು ನಕ್ಕು ಹೋದರು. ಸ್ವಂತ ಭಾಮೈದ, ವಕೇಶೊಳ ಬೆನ್ನಿಗೆ ಹುಟ್ಟಿದ ತಮ್ಮ ಮ್ವಾಕುಘು, ಸಂತೆಯಲ್ಲಿ ಎದುರಾದವನು ದೂರದಿಂದಲೇ ಕೈ ಎತ್ತಿದ.

"ಏನ್ ಭಾವ, ಕಳೆದೇ ಹೋಗಿದ್ದೀರಲ್ಲ!"

"ನನ್ನ ಮನೆ ಎಲ್ಲಿದೆ ಅಂತ ಗೊತ್ತಲ್ಲಪ್ಪ ನಿಂಗೆ?"

"ಗೊತ್ತಿಲ್ದೆ ಏನು? ಆ ಮನೆಗೆ ತಗಡು ಹೊದಿಸಿದ್ದೇ ನಾನಲ್ವಾ!"

"ಮತ್ತೆ?"

"ಮತ್ತೇನು ಭಾವ, ಕೆಲ್ಸ, ಓಡಾಟ. ಬರ್ತೀವಿ ಬಿಡಿ ಒಂದಿನ."

ಆ ಒಂದು ದಿನ ಇನ್ನೂ ಬಂದಿಲ್ಲ.

ಏಳನೆಯ ಶನಿವಾರ ಕಳೆದ ಮೇಲೆ ಗೂಡಿಗೆ ಬೀಗ ಹಾಕಿ, ವ್ಯಾನು ಹತ್ತಿ ನಿಮ್ಮ ನಿಲಯಕ್ಕೇ ಬಂದೆ. ನಿಮ್ಮ ಸ್ವಾಗತದ ಮೇಜಿನ ಹುಡುಗಿ ಒಳ್ಳೆಯವಳು. "ಕಳೆದುಹೋಗಿರೋ ಪ್ರಕಟಣೆ ವಿಚಾರ" ಎಂದದ್ದೇ ತಡ, ಫಾರಂ ಒಂದನ್ನು ಎಳೆದುಕೊಂಡಳು.

"ಯಾರಜ್ಜ ಕಳೆದಿರೋದು?"

"ನಾನಮ್ಮ."

"ಅಲ್ಲಜ್ಜ, ಕಳೆದಿರೋರ ಹೆಸರು ಹೇಳಿ."

"ಅದೇ. ಮಘಂಗ."

"ವಯಸ್ಸು?"

"ಅರವತ್ತೆರಡು."

"ಕೊನೇ ಸಲ ಎಲ್ಲಿ ಕಂಡಿದ್ರು?"

"ನನ್ನ ಅಂಗಡೀಲಿ. ಇವತ್ತು ಬೆಳಿಗ್ಗೆ."

ಅವಳು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. ಅಷ್ಟರಲ್ಲಿ ನಿಮ್ಮ ನಿರೂಪಕರು ಒಳಗಿನಿಂದ ಬಂದರು. ನನ್ನ ಹೆಸರು ಕೇಳಿ ಓಡಿಬಂದು ತಬ್ಬಿಕೊಂಡರು. "ಗಡಿಯಾರದ ಅಜ್ಜ! ಅಯ್ಯೋ, ಕಳೆದೇ ಹೋಗಿದ್ರಲ್ಲ! ಅಜ್ಜಿ ಹೇಗಿದ್ದಾರೆ?"

ಮಾನ್ಯರೇ, ಸಂಧ್ಯಾಪ್ರಾರ್ಥನೆಯಂತೆ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ, ಏನೇನು ಹೇಳಬೇಕೆಂದು. ಮೂರು ತಿಂಗಳಲ್ಲಿ ನನ್ನನ್ನು ಮುಟ್ಟಿದ ಮೊದಲ ಮನುಷ್ಯ ಆ ಹುಡುಗ. ಅವನ ಕೈ ಇನ್ನೂ ನನ್ನ ಹೆಗಲ ಮೇಲಿತ್ತು. ಹೇಳಿದರೆ ಆ ಕೈ ತೆಗೆಯುತ್ತಾನೆ, ಮುಖ ಬದಲಾಗುತ್ತದೆ ಎನಿಸಿತು.

"ಚೆನ್ನಾಗಿದ್ದಾಳಪ್ಪ," ಎಂದೆ.

ಮುಂದಿನ ಶನಿವಾರ ಅವರು ಸಂಭ್ರಮದಿಂದಲೇ ಸಾರಿದರು. ಗಡಿಯಾರದವರು ಸಿಕ್ಕಿದ್ದಾರೆ, ವಕೇಶೊ ಅಜ್ಜಿಯೂ ಚೆನ್ನಾಗಿದ್ದಾರೆ, ಇಬ್ಬರಿಗೂ ನಮ್ಮೆಲ್ಲರ ಸಲಾಮು! ಅದನ್ನು ನಾನು ಮನೆಯಲ್ಲಿ ಒಬ್ಬನೇ ಕುಳಿತು ಕೇಳಿದೆ. ಸೋಮವಾರ ಗೂಡು ತೆರೆದಾಗ ಗಾಜು ಬಡಿಯಲು ಯಾರೂ ಬರಲಿಲ್ಲ. ಅವಳ ಮಣ್ಣಿಗೆ ಬಂದಿದ್ದವರೇ ರಸ್ತೆಯ ಆಚೆ ಬದಿಯಿಂದ ನಡೆದು ಹೋದರು. ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಕಳೆದುಹೋದವನೆಂಬ ಬಿರುದೇ ವಾಸಿಯಾಗಿತ್ತು.

ಅದೇ ಸೋಮವಾರ ಮಧ್ಯಾಹ್ನ ಅಪರಿಚಿತ ಹೆಂಗಸೊಬ್ಬಳು ಬಾಳೆಗೊನೆ ಹೊತ್ತುಕೊಂಡು ಗೂಡಿನ ಮುಂದೆ ನಿಂತಳು. ಸ್ಯೊಂಬುವಾ, ತವೇತಾ ಸಂತೆಯಲ್ಲಿ ಬಾಳೆಹಣ್ಣು ಮಾರುವವಳು. ಹನ್ನೊಂದು ವರ್ಷದಿಂದ ವಕೇಶೊಳ ಕಾರ್ಡಿನಲ್ಲಿದ್ದ ಹೆಸರು.

"ಗಡಿಯಾರದ ಅಣ್ಣ ಅಂದ್ರೆ ನೀವೇನಾ? ಅಯ್ಯ, ಇಷ್ಟು ಸಣ್ಣಕಿದ್ದೀರಾ! ರೇಡಿಯೋದಲ್ಲಿ ದೊಡ್ಡ ಆಳು ಅನ್ನಿಸ್ತಿದ್ರಿ. ಅಕ್ಕ ಎಲ್ಲಿ? ನನ್ನ ಮಗಳ ಬಾಣಂತನದಾಗೆ ಆರು ವಾರ ಬಿಡದೆ ಸಲಾಮು ಕಳಿಸಿದ್ಲು. ಈ ಗೊನೆ ಅವಳ ಕೈಗೇ ಕೊಡ್ಬೇಕು ನಾನು."

"ಅವಳು ತೀರ್ಕೊಂಡ್ಲು ತಾಯಿ. ಫೆಬ್ರವರೀಲಿ."

"ಶನಿವಾರ ರೇಡಿಯೋದಲ್ಲಿ ಚೆನ್ನಾಗಿದ್ದಾಳೆ ಅಂದ್ರಲ್ಲ!"

"ನಾನೇ ಹೇಳಿದ್ದು ಹಾಗೆ. ಸುಳ್ಳು."

ಅವಳು ಗೊನೆ ಇಳಿಸಿ, ಗಿರಾಕಿಗಳ ಸ್ಟೂಲಿನ ಮೇಲೆ ಕುಳಿತಳು. ದೇವರಿಚ್ಛೆ ಎನ್ನಲಿಲ್ಲ. ಧೈರ್ಯ ತಂದುಕೊಳ್ಳಿ ಎನ್ನಲಿಲ್ಲ. "ಆ ಕತ್ತೆ ಕೂಗಿದಾಗ್ಲೆಲ್ಲ ನಾನೂ ನಕ್ಕಿದ್ದೀನಣ್ಣ," ಎಂದಳು. "ಏನಾಯ್ತೋ ಅಂತ ಒಂದು ಫೋನ್ ಮಾಡ್ಬೋದಿತ್ತು. ಮಾಡ್ಲಿಲ್ಲ. ತಪ್ಪು ನಂದು."

ಮನೆಗೆ ಕರೆದುಕೊಂಡು ಹೋಗಿ ಹಿತ್ತಿಲಿನ ಗೋರಿ ತೋರಿಸಿದೆ. ಮುಖವನ್ನೇ ಕಾಣದ ಗೆಳತಿಯ ಮಣ್ಣಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅವಳು ಹುಲ್ಲು ಕಿತ್ತಳು. ನಾನು ಚಹಾ ಮಾಡಿದೆ. ಮೂರು ಗಂಟೆಯ ವ್ಯಾನಿಗೆ ಹೋದಳು. ಅವಳಿಗೂ ಸಂತೆ, ಸಂಸಾರ. ಮತ್ತೆ ಬರುತ್ತೇನೆ ಎಂದು ಸುಳ್ಳು ಭರವಸೆ ಕೊಡಲಿಲ್ಲ. ಅದಕ್ಕೂ ನಾನು ಋಣಿ. ಮೂರು ದಿನದಲ್ಲಿ ಗೊನೆ ಪೂರ್ತಿ ಒಟ್ಟಿಗೇ ಹಣ್ಣಾಯಿತು. ಒಬ್ಬ ಮನುಷ್ಯ ಎಷ್ಟು ತಿಂದಾನು? ಅರ್ಧಕ್ಕರ್ಧ ಕಪ್ಪಾಗಿ ಹೋಯಿತು.

ಆದ್ದರಿಂದ ನನ್ನ ಬೇಡಿಕೆ. ಆ ಮಾತು ನಿಮ್ಮ ನಿಲಯದಿಂದ ಇನ್ನು ಹೊರಡಬಾರದು. ಯಾರಾದರೂ ಕಾರ್ಡು ಬರೆಯುವುದು ನಿಲ್ಲಿಸಿದರೆ, "ನಾವು ಅವರನ್ನು ವಿಚಾರಿಸಲಿಲ್ಲ" ಎಂದು ನಿಮ್ಮವರು ಹೇಳಲಿ. ನಾಲಿಗೆ ಹೊರಳದಿದ್ದರೆ ಸುಮ್ಮನಿರಲಿ. ಹಾಗೆಯೇ ಬರುವ ಶನಿವಾರ, ಹಾಡುಗಳಿಗೆ ಮೊದಲು, ಯಾವ ಪ್ರಾಣಿಯ ಸದ್ದೂ ಇಲ್ಲದೆ, ಮ್ವಾತಾತೆಯ ವಕೇಶೊ ಫೆಬ್ರವರಿ ಒಂಬತ್ತರಂದು ತೀರಿಕೊಂಡರು, ಅವರು ಚೆನ್ನಾಗಿದ್ದಾರೆಂದು ಗಂಡ ಹೇಳಿದ್ದು ಸುಳ್ಳು ಎಂದು ಪ್ರಕಟಿಸಬೇಕು. ನನ್ನ ಮಾನ ಹೋದೀತೆಂದು ಮುಲಾಜು ಬೇಡ. ಆ ಹೊತ್ತಿಗೆ ನಾನು ರೇಡಿಯೋ ಮುಂದೆ ಕುಳಿತಿರುತ್ತೇನೆ. ಕುರ್ಚಿಗಳು ಹೋದಂದಿನಿಂದ ಆ ಮನೆಯೊಳಗೆ ಅವಳ ಹೆಸರನ್ನು ಹಿಡಿದು, ಅವಳಿಲ್ಲ ಎಂದು ದನಿ ಎತ್ತಿ ಹೇಳಿದವರು ಯಾರೂ ಇಲ್ಲ. ನನ್ನಿಂದಲೂ ಆಗಿಲ್ಲ. ಒಮ್ಮೆ ಕೇಳಿಸಿಕೊಳ್ಳಬೇಕು.

ಇಂತಿ,
ಭಾನುವಾರ ಬಿಟ್ಟು ದಿನಾಲೂ ಎಂಟರಿಂದ ಐದರವರೆಗೆ ಬರಿಗಣ್ಣಿಗೆ ಕಾಣಸಿಗುವ
ಮಘಂಗ ರಿಘಾ
ಕೈಗಡಿಯಾರ ರಿಪೇರಿ, ಮ್ವಾತಾತೆ